ಶ್ರವಣಯಂತ್ರ ಧರಿಸುವವರಿಗೆ ಯಾವ ಕಾರ್ಡ್‌ಲೆಸ್ ಫೋನು?

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ದೂರವಾಣಿಗೆ ಒಂದು ವಿಶೇಷ ಸ್ಥಾನವುಂಟು. ನೆರೆಹೊರೆಯವರು ಮರಾಠಿಗರೋ ತಮಿಳರೋ ಆಗಿದ್ದು, ಮಗ ಸೊಸೆಯರು ಬೆಳಗಾದೊಡನೆ ಕೆಲಸಕ್ಕೆ ಹೊರಟುಹೋದ ಮೇಲೆ, ಫ್ಲ್ಯಾಟಿನಲ್ಲಿ ಹಗಲೆಲ್ಲ ಒಬ್ಬರೇ ಉಳಿಯುವ ಹಿರಿಯರಿಗೆ ಕನ್ನಡದ ದನಿ ಕಿವಿಗೆ ಬೀಳುವುದು ಬಹುಮಟ್ಟಿಗೆ ಅದರ ಮೂಲಕವೇ. ಧಾರವಾಡದ ತಂಗಿ, ಉಡುಪಿಯ ಭಾವ, ಹುಟ್ಟೂರಿನ ಹಬ್ಬ ಮದುವೆಗಳ ಸುದ್ದಿ, ಒಮ್ಮೊಮ್ಮೆ ಸಾವಿನ ಸುದ್ದಿ, ಎಲ್ಲವೂ ಆ ಒಂದು ಯಂತ್ರದೊಳಗಿಂದಲೇ ಬರಬೇಕು. ಇಂಥವರಿಗೆ ಕಿವಿ ಮಂದವಾಗತೊಡಗಿದರೆ ಮೊದಲು ಕೈಬಿಟ್ಟುಹೋಗುವುದೂ ಅದೇ. ಎದುರಿಗೆ ಕುಳಿತವರೊಡನೆ ಹೇಗೋ ನಿಭಾಯಿಸುತ್ತಾರೆ. ಫೋನು ಬಂದರೆ ಮಾತ್ರ "ನೀನೇ ಮಾತಾಡಮ್ಮ" ಎಂದು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. ಕ್ರಮೇಣ ಊರಿನವರು ಫೋನು ಮಾಡುವುದೇ ಕಡಿಮೆಯಾಗುತ್ತದೆ.

ಶ್ರವಣಯಂತ್ರವೊಂದನ್ನು ಹಾಕಿಸಿದರೆ ಎಲ್ಲವೂ ಸರಿಹೋಗುವುದೆಂದು ಮನೆಯವರು ನಂಬಿರುತ್ತಾರೆ. ಸರಿಹೋಗದಿದ್ದಾಗ ಯಂತ್ರವೇ ಕಳಪೆಯೆಂದೋ, ಹಿರಿಯರದು ಹಟವೆಂದೋ ತೀರ್ಮಾನಿಸುತ್ತಾರೆ. ಹಲವು ವೇಳೆ ಇವೆರಡೂ ಕಾರಣವಲ್ಲ. ಮನೆಯ ಫೋನಿಗೂ ಕಿವಿಯ ಯಂತ್ರಕ್ಕೂ ಹೊಂದಾಣಿಕೆಯಿಲ್ಲದಿರುವುದೇ ತೊಂದರೆಯ ಮೂಲವಾಗಿರುತ್ತದೆ. ದೂರವಾಣಿಯನ್ನು ನಿರ್ಮಿಸಿ 1876ರಲ್ಲಿ ಅದರ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಗೆ ಕಿವಿ ಬಹಳ ಮಂದವಾಗಿತ್ತು. ಪತ್ನಿ ಮೇಬಲ್ ಅವರಿಗಂತೂ ಬಾಲ್ಯದ ಕಾಯಿಲೆಯಿಂದ ಶ್ರವಣಶಕ್ತಿಯೇ ಹೋಗಿತ್ತು. ಗಂಡ ಲೋಕಕ್ಕೆ ಕೊಟ್ಟ ಸಾಧನ ಹೆಂಡತಿಯ ಉಪಯೋಗಕ್ಕೆ ಬರಲಿಲ್ಲ.

ಫೋನಿನ ಮಾತು ಏಕೆ ಕಷ್ಟ ಎಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯ ದೂರವಾಣಿಯ ತಂತಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತದೆ. ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಸುಖವಾಗಿ ದಾಟಿಬರುತ್ತವೆ. ವ್ಯಂಜನಗಳು, ಅದರಲ್ಲಿಯೂ 'ಸ'ಕಾರದಂತಹವು, ದುರ್ಬಲವಾಗಿದ್ದು ಮೇಲಿನ ಕಂಪನಗಳಲ್ಲಿ ನೆಲೆಸಿವೆ. ಅವುಗಳ ದೊಡ್ಡ ಪಾಲು ದಾರಿಯಲ್ಲಿಯೇ ಉಳಿದುಹೋಗುತ್ತದೆ. ವಯಸ್ಸಾದಂತೆ ಕಿವಿಯೂ ಮೊದಲು ಕಳೆದುಕೊಳ್ಳುವುದು ಇವೇ ಮೇಲಿನ ಕಂಪನಗಳನ್ನು. ಹೀಗೆ ತಂತಿಯೊಂದು, ಕಿವಿಯೊಂದು, ಎರಡೂ ಸೇರಿ ಒಂದೇ ಕಡೆ ಕತ್ತರಿಸುತ್ತವೆ. ಕಾಲು, ಪಾಲು, ಸಾಲು ಮೂರೂ ಬರಿಯ 'ಆಲು' ಆಗಿ ಕೇಳಿಸುತ್ತವೆ. ಊರಿನ ತಮ್ಮ ಪಾಲಿನ ಮಾತೆತ್ತಿದರೆ ಇಲ್ಲಿಯ ಅಣ್ಣ ಸಾಲದ ಮಾತೆಂದು ತಿಳಿದು ಗಾಬರಿಯಾಗುವುದು ಬರಿಯ ನಗೆಯ ಸಂಗತಿಯಲ್ಲ. ಎದುರಿಗಿದ್ದರೆ ತುಟಿಯ ಚಲನೆ ಅರ್ಧ ಮಾತನ್ನು ಹೇಳಿಕೊಡುತ್ತದೆ. ಫೋನಿನಲ್ಲಿ ಅದೂ ಇಲ್ಲ.

ಹೊರನಾಡಿನವರಿಗೆ ಇನ್ನೊಂದು ತೊಡಕುಂಟು. ತಾಯ್ನುಡಿಯಲ್ಲಿ ಬಿಟ್ಟುಹೋದ ಅಕ್ಷರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಪರಭಾಷೆಯಲ್ಲಿ ಆ ಊಹೆ ಅಷ್ಟು ಚುರುಕಾಗಿ ನಡೆಯದು. ಬ್ಯಾಂಕಿನವರು ಹಿಂದಿಯಲ್ಲಿ ಹೇಳುವ 'ಸಾತ್' ಮತ್ತು 'ಸಾಠ್', ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಹೇಳುವ 'ಫಿಫ್ಟೀನ್' ಮತ್ತು 'ಫಿಫ್ಟಿ' ಕಿವಿ ಮಂದವಾದವರಿಗೆ ಒಂದೇ. ಅರ್ಥವಾಗದೆ "ಹೂಂ, ಹೂಂ" ಎನ್ನುವ ಹಿರಿಯರು ವಂಚಕರ ಕರೆಗೂ ಹಾಗೆಯೇ ಹೂಂಗುಟ್ಟಿಬಿಡುವ ಅಪಾಯವಿದೆ.

ಇನ್ನು ಶ್ರವಣಯಂತ್ರವು ಫೋನಿನ ದನಿಯನ್ನು ಪಡೆಯುವ ಬಗೆ. ಇದಕ್ಕೆ ಎರಡು ಹಾದಿಗಳಿವೆ. ಮೊದಲನೆಯದು ಯಂತ್ರದ ಮೈಕಿನ ಹಾದಿ: ಫೋನಿನಿಂದ ಹೊರಟ ಶಬ್ದವನ್ನು ಮೈಕು ಹಿಡಿದು, ವರ್ಧಿಸಿ, ಕಿವಿಯೊಳಕ್ಕೆ ಬಿಡುತ್ತದೆ. ಇಲ್ಲಿ ಎಲ್ಲರೂ ಕಂಡಿರುವ ತೊಂದರೆಯೆಂದರೆ ಸಿಳ್ಳು. ಫೋನನ್ನು ಒತ್ತಿ ಹಿಡಿದಾಗ ಕಿವಿಯಿಂದ ಸೋರಿದ ಶಬ್ದ ಮತ್ತೆ ಮೈಕಿಗೇ ತಿರುಗಿ ಹೋಗಿ, ಸಭೆಗಳಲ್ಲಿ ಧ್ವನಿವರ್ಧಕ ಕೂಗುವಂತೆ ಕೂಗುತ್ತದೆ. ಫೋನನ್ನು ಒಂದೆರಡು ಸೆಂಟಿಮೀಟರು ದೂರ ಹಿಡಿದರೆ ಬಹುಪಾಲು ಶಮನವಾಗುತ್ತದೆ. ಈಚಿನ ಡಿಜಿಟಲ್ ಯಂತ್ರಗಳು ಸಿಳ್ಳನ್ನು ತಾವೇ ಅಡಗಿಸುವುದೂ ಉಂಟು. ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಬೇರೆ. ಕಿವಿಯ ಹಿಂದೆ ಕೂರುವ ಯಂತ್ರದ ಮೈಕು ಕಿವಿಯ ಮೇಲ್ತುದಿಯಲ್ಲಿರುತ್ತದೆ. ಜನ ಮಾತ್ರ ಅಭ್ಯಾಸಬಲದಿಂದ ಫೋನನ್ನು ಕಿವಿಯ ತೂತಿಗೇ ಹಿಡಿಯುತ್ತಾರೆ. ದನಿ ಮೈಕಿಗೆ ಸರಿಯಾಗಿ ತಲುಪುವುದೇ ಇಲ್ಲ! ಫೋನನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿದರೆ ಸಾಕು. ಹಾಗೆ ಸರಿಸಿದಾಗ ಕೆಳತುದಿ ಬಾಯಿಂದ ದೂರವಾಗುತ್ತದೆಯಾದ್ದರಿಂದ, ಅಂಗೈಯಲ್ಲಿ ಅಡಗುವ ಪುಟ್ಟ ಹ್ಯಾಂಡ್‌ಸೆಟ್ಟಿಗಿಂತ ಉದ್ದನೆಯದು ಇಂಥವರಿಗೆ ಮೇಲು. ಅಂಗಡಿಯಾತ ಚಿಕ್ಕದನ್ನೇ ನವನಾಗರಿಕವೆಂದು ಹೊಗಳಿದರೂ ಕಿವಿಗೊಡಬೇಕಾಗಿಲ್ಲ.

ಎರಡನೆಯ ಹಾದಿ ಟೆಲಿಕಾಯಿಲಿನದು. ಇದು ಶ್ರವಣಯಂತ್ರದೊಳಗೆ ಅಡಗಿರುವ, ಸೂಕ್ಷ್ಮವಾದ ತಾಮ್ರದ ತಂತಿಯ ಸುರುಳಿ. ಫೋನಿನ ಕಿವಿಭಾಗದಲ್ಲಿರುವ ಸ್ಪೀಕರು ಶಬ್ದದ ಜೊತೆಗೆ ಅದಕ್ಕೆ ತಕ್ಕಂತೆ ಏರಿಳಿಯುವ ಕಾಂತಕ್ಷೇತ್ರವನ್ನೂ ಹೊರಸೂಸುತ್ತದೆ. ಸುರುಳಿಯು ಆ ಕಾಂತಕ್ಷೇತ್ರವನ್ನು ಹಿಡಿದು ಮತ್ತೆ ಮಾತನ್ನಾಗಿಸುತ್ತದೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ 'ಟಿ' ಎಂಬ ಗುಂಡಿಯಿತ್ತು. ಈಗಿನವುಗಳಲ್ಲಿ ಶ್ರವಣತಜ್ಞರು ಇದನ್ನು ಒಂದು ಪ್ರೋಗ್ರಾಮಾಗಿ ಅಳವಡಿಸುತ್ತಾರೆ. 'ಟಿ'ಯಲ್ಲಿಟ್ಟಾಗ ಮೈಕು ಮೌನವಾಗುವುದರಿಂದ ಸಿಳ್ಳಿಲ್ಲ. ಕುಕ್ಕರಿನ ಸದ್ದು, ಟೀವಿಯ ಧಾರಾವಾಹಿ, ಹೊರಗಿನ ವಾಹನಗಳ ಗದ್ದಲ ಯಾವುದೂ ಇಲ್ಲ. ಫೋನಿನ ಮಾತೊಂದೇ ಕೇಳುತ್ತದೆ. ಕಿವುಡು ತೀವ್ರವಾಗಿರುವವರಿಗೆ ಈ ಹಾದಿಯೇ ಉತ್ತಮವೆಂದು ನನ್ನ ಅಭಿಪ್ರಾಯ. ಆದರೆ ಕಿವಿಯ ಓಣಿಯೊಳಗೆ ಪೂರ್ತಿ ಅಡಗುವ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಸುರುಳಿಗೆ ಸ್ಥಳವೇ ಇರದು. ಯಂತ್ರ ಕಾಣಬಾರದೆಂಬ ಆಸೆಗೆ ತೆರುವ ಬೆಲೆಗಳಲ್ಲಿ ಇದೂ ಒಂದು. ಕೊಳ್ಳುವ ಮುನ್ನವೇ ಕೇಳಿ ತಿಳಿಯತಕ್ಕದ್ದು.

ಕಾರ್ಡ್‌ಲೆಸ್ ಫೋನಿನ ಸಮಸ್ಯೆ ಬರುವುದು ಇಲ್ಲಿಯೇ. ಡೆಕ್ಟ್ ಎಂಬ ಪದ್ಧತಿಯ ಡಿಜಿಟಲ್ ಕಾರ್ಡ್‌ಲೆಸ್ ಫೋನು ತನ್ನ ರೇಡಿಯೋ ಅಲೆಗಳನ್ನು ಎಡೆಬಿಡದೆ ಕಳುಹಿಸುವುದಿಲ್ಲ. ಸೆಕೆಂಡಿಗೆ ನೂರು ಬಾರಿ ಮಿಡಿದು ಮಿಡಿದು ಕಳುಹಿಸುತ್ತದೆ. ಪ್ರತಿ ಮಿಡಿತಕ್ಕೂ ಬ್ಯಾಟರಿಯಿಂದ ವಿದ್ಯುತ್ತು ಹರಿದು ಅದರ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಟೆಲಿಕಾಯಿಲಿಗೆ ಮಾತಿನ ಕಾಂತಕ್ಷೇತ್ರ ಯಾವುದು, ಬ್ಯಾಟರಿಯದು ಯಾವುದು ಎಂಬ ವಿವೇಕವಿಲ್ಲ, ಎರಡನ್ನೂ ಹಿಡಿದುಕೊಡುತ್ತದೆ. ಮಾತಿನ ಹಿಂದೆ ದುಂಬಿ ಗುಂಯ್‌ಗುಟ್ಟಿದಂತೆ ಕೇಳುವುದು ಇದರಿಂದಲೇ. ಜಿ.ಎಸ್.ಎಂ. ಮೊಬೈಲಿನಲ್ಲಿ ಈ ಮಿಡಿತ ಸೆಕೆಂಡಿಗೆ 217. ಅದರ ಬಲವೂ ಹೆಚ್ಚು. ಕಾರ್ಡ್‌ಲೆಸ್ಸಿನ ಗುಂಯ್‌ಕಾರ ಅದಕ್ಕಿಂತ ಸೌಮ್ಯವಾದರೂ, ಒಳರಚನೆಯಲ್ಲಿ ಎಚ್ಚರ ವಹಿಸದ ಫೋನುಗಳಲ್ಲಿ ಮಾತನ್ನೇ ನುಂಗಿಬಿಡಬಹುದು. ಹ್ಯಾಂಡ್‌ಸೆಟ್ಟಿನ ಪರದೆಯ ದೀಪವನ್ನು ಆರಿಸಿದರೆ ಕೆಲವು ವೇಳೆ ಕಡಿಮೆಯಾಗುತ್ತದೆ. ಮನೆಯ ಟ್ಯೂಬ್‌ಲೈಟಿನ ಚೋಕು, ಇನ್ವರ್ಟರು, ಸ್ಟೆಬಿಲೈಸರುಗಳೂ ಟೆಲಿಕಾಯಿಲಿಗೆ ಇಂಥದೇ ಉಪದ್ರವ ಕೊಡುವುದರಿಂದ, ಫೋನನ್ನು ದೂಷಿಸುವ ಮೊದಲು ಅವುಗಳಿಂದ ದೂರ ನಿಂತು ನೋಡಬೇಕು.

ಅಮೆರಿಕದಲ್ಲಿ ಇದಕ್ಕಾಗಿ 1988ರಲ್ಲಿಯೇ ಕಾನೂನಾಯಿತು. ಅದರಂತೆ 1991ರಿಂದ ಈಚೆಗೆ ಅಲ್ಲಿ ಮಾರುವ ಕಾರ್ಡ್‌ಲೆಸ್ ಫೋನುಗಳು ಶ್ರವಣಯಂತ್ರಕ್ಕೆ ಹೊಂದಿಕೊಳ್ಳಲೇಬೇಕು. ಡಿಜಿಟಲ್ ಕಾರ್ಡ್‌ಲೆಸ್ಸುಗಳ ಗುಂಯ್‌ಕಾರವನ್ನು ಮಿತಿಯಲ್ಲಿಡಲು ಟಿ.ಐ.ಎ. 1083 ಎಂಬ ಪ್ರತ್ಯೇಕ ಮಾನದಂಡವೂ ಅಲ್ಲಿದೆ. ಇದನ್ನು ಓದಿದೊಡನೆ, ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಬರೆದು ಒಂದನ್ನು ತರಿಸಿಕೊಳ್ಳೋಣವೆಂದು ಹಲವರಿಗೆ ಅನಿಸಬಹುದು. ದಯವಿಟ್ಟು ಬೇಡ. ಅಲ್ಲಿಯ ಡೆಕ್ಟ್ ಫೋನುಗಳು 1920ರಿಂದ 1930 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ನಮ್ಮಲ್ಲಿ ಅದು ಮೊಬೈಲ್ ಫೋನುಗಳು ಗೋಪುರಕ್ಕೆ ಸಂಕೇತ ಕಳುಹಿಸುವ ಪಟ್ಟಿಯೊಳಗೆ ಬರುತ್ತದೆ. ಇಲ್ಲಿ ಅದನ್ನು ಹಚ್ಚಿದರೆ ಸುತ್ತಲಿನವರ ಮೊಬೈಲಿಗೆ ಅಡಚಣೆಯಾಗುತ್ತದೆ. ಮೇಲಾಗಿ ಅಲ್ಲಿಯ 120 ವೋಲ್ಟಿನ ಅಡಾಪ್ಟರು ನಮ್ಮ 230 ವೋಲ್ಟಿಗೆ ಕ್ಷಣದಲ್ಲಿ ಸುಟ್ಟುಹೋಗಬಹುದು.

ಹಾಗಾದರೆ ಇಲ್ಲಿ ಆರಿಸುವುದು ಹೇಗೆ? ಪೆಟ್ಟಿಗೆಯ ಮೇಲಿನ ಗುರುತುಗಳಿಗಿಂತ ಪ್ರತ್ಯಕ್ಷ ಪರೀಕ್ಷೆಯನ್ನೇ ನಂಬಬೇಕು. ಕೊಳ್ಳುವಾಗ ಯಂತ್ರ ಧರಿಸುವವರೇ ಅಂಗಡಿಗೆ ಬರತಕ್ಕದ್ದು. ಅವರ ಪರವಾಗಿ ಮಗ ತಂದುಕೊಡುವ ವಸ್ತು ಇದಲ್ಲ. ಅಂಗಡಿಯಲ್ಲಿ ತಂತಿಯ ಸಂಪರ್ಕವಿದ್ದರೆ ಯಂತ್ರವನ್ನು 'ಟಿ'ಗೆ ಇಟ್ಟು, ಹ್ಯಾಂಡ್‌ಸೆಟ್ಟನ್ನು ಕಿವಿಯ ಹಿಂಭಾಗಕ್ಕೆ ಹಿಡಿದು, ಮೇಲೆ ಕೆಳಗೆ ಓರೆಯಾಗಿ ಸರಿಸುತ್ತ ದನಿ ಹೆಚ್ಚು ಸ್ಪಷ್ಟವಾಗುವ ಸ್ಥಳವನ್ನು ಹುಡುಕಬೇಕು. ಆ ಕಡೆಯವರು ಸುಮ್ಮನಿದ್ದಾಗ ಉಳಿಯುವ ಸದ್ದೆಷ್ಟು ಎಂಬುದನ್ನು ಗಮನಿಸಬೇಕು. "ಹಲೋ, ಕೇಳ್ತಾ ಇದೆಯಾ?" ಎಂಬುದರಿಂದ ಏನೂ ತಿಳಿಯದು, ಅದು ಬರುವ ಮೊದಲೇ ಗೊತ್ತಿರುವ ಮಾತು. ಮನೆಯವರೊಬ್ಬರು ಇನ್ನೊಂದು ಫೋನಿನಿಂದ ಹತ್ತು ಅಪರಿಚಿತ ಹೆಸರುಗಳನ್ನೂ ಹತ್ತು ಸಂಖ್ಯೆಗಳನ್ನೂ ಹೇಳಲಿ; ಇವರು ಬರೆದುಕೊಳ್ಳಲಿ. ಎರಡು ಮೂರು ಮಾದರಿಗಳಲ್ಲಿ ಹೀಗೆ ಮಾಡಿ ನೋಡಿದರೆ ಯಾವುದು ಮೇಲೆಂಬುದು ಕಾಗದದ ಮೇಲೆಯೇ ಕಾಣುತ್ತದೆ. ಅಂಗಡಿಯಲ್ಲಿ ಸಾಧ್ಯವಾಗದಿದ್ದರೆ, ಹಿಂದಿರುಗಿಸುವ ಕರಾರಿನ ಮೇಲೆ ಮನೆಗೆ ತಂದು ಪರೀಕ್ಷಿಸಬೇಕು.

ಕೆಲವು ಫೋನುಗಳಿಗೆ ದನಿಯನ್ನು 30, 40 ಡೆಸಿಬೆಲ್ ಏರಿಸುವ ಗುಂಡಿಯಿರುತ್ತದೆ. 30 ಡೆಸಿಬೆಲ್ ಎಂದರೆ ಶಬ್ದದ ಶಕ್ತಿ ಸಾವಿರ ಪಟ್ಟು. ಶ್ರವಣಯಂತ್ರ ತೆಗೆದಿಟ್ಟು ಮಾತಾಡುವವರಿಗೆ ಇದು ವರವೇ ಸರಿ. ಯಂತ್ರ ಧರಿಸಿರುವವರಿಗೆ ಅಷ್ಟು ಬೇಕಿಲ್ಲ. ದೊಡ್ಡ ದನಿ ಮೈಕಿನೊಳಗೆ ಒಡೆದು ಮಾತು ಇನ್ನಷ್ಟು ಕೆಡುತ್ತದೆ. ಪ್ರತಿ ಕರೆಯ ಬಳಿಕ ದನಿ ತಾನಾಗಿ ಮೊದಲಿನ ಮಟ್ಟಕ್ಕೆ ಇಳಿಯುವ ಮಾದರಿಯಾದರೆ ಲೇಸು. ಇಲ್ಲವಾದರೆ ಮುಂದಿನ ಸಲ ಮೊಮ್ಮಗ ಫೋನೆತ್ತಿದಾಗ ಅವನ ಕಿವಿಗೆ ಪೆಟ್ಟು. ಕರೆಗಂಟೆಯ ಸ್ಥಾಯಿಯನ್ನು ಬದಲಿಸುವ ಸೌಕರ್ಯವಿದೆಯೇ ಎಂದೂ ನೋಡಬೇಕು. ಹಕ್ಕಿಯ ಚಿಲಿಪಿಲಿಯಂತಹ ಉಚ್ಚಸ್ಥಾಯಿಯ ಗಂಟೆ ಇಂಥವರಿಗೆ ಕೇಳಿಸುವುದೇ ಇಲ್ಲ. ಕರೆ ಬಂದಾಗ ದೀಪ ಮಿನುಗುವಂತಿದ್ದರೆ ಮತ್ತೂ ಒಳ್ಳೆಯದು.

ಸ್ಪೀಕರ್ ಫೋನಿನ ಗುಂಡಿಯನ್ನು ಅನೇಕರು ಕಡೆಗಣಿಸುತ್ತಾರೆ. ಹ್ಯಾಂಡ್‌ಸೆಟ್ಟನ್ನು ಮೇಜಿನ ಮೇಲೆ ಮೊಳದಷ್ಟು ದೂರದಲ್ಲಿಟ್ಟರೆ ಸಿಳ್ಳೂ ಇಲ್ಲ, ಗುಂಯ್‌ಕಾರವೂ ಇಲ್ಲ. ಮುಖ್ಯವಾಗಿ ಎರಡೂ ಕಿವಿಗಳು ಕೇಳುತ್ತವೆ. ನಿಶ್ಶಬ್ದವಾದ ಕೋಣೆಯಲ್ಲಿ ಇದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಅತ್ತೆ ತನ್ನ ತಂಗಿಯೊಡನೆ ಸೊಸೆಯ ವಿಷಯ ಮಾತಾಡುವುದಕ್ಕೆ ಮಾತ್ರ ಅನುಕೂಲವಾಗದು.

ಮೊಬೈಲ್ ಇರುವಾಗ ಕಾರ್ಡ್‌ಲೆಸ್ ಏಕೆಂಬ ಪ್ರಶ್ನೆ ನ್ಯಾಯವಾದದ್ದೇ. 4ಜಿ ಜಾಲದ ವೋಲ್ಟೀ ಕರೆಗಳಲ್ಲಿ 7000 ಹರ್ಟ್ಸ್‌ವರೆಗಿನ ದನಿ ಬರಬಲ್ಲದು. 'ಸ'ಕಾರ ಅಲ್ಲಿ ಜೀವ ಪಡೆಯುತ್ತದೆ. ಬ್ಲೂಟೂತ್ ಇರುವ ಹೊಸ ಶ್ರವಣಯಂತ್ರಗಳಿಗೆ ಮೊಬೈಲಿನ ಮಾತು ನೇರವಾಗಿ ಹರಿದುಬರುತ್ತದೆ. ಹಣವಿದ್ದು, ಹೊಸ ಯಂತ್ರ ಕಲಿಯುವ ಉತ್ಸಾಹವೂ ಇರುವವರು ಆ ದಾರಿ ಹಿಡಿಯುವುದೇ ಸರಿ. ಗಾಜಿನ ಪರದೆಯ ಮೇಲೆ ಬೆರಳು ಜಾರಿಸಲಾಗದ, ಗುಂಡಿ ಒತ್ತಿದರೆ 'ಟಕ್' ಎಂದು ತಿಳಿಯಬೇಕಾದ ಎಂಬತ್ತರ ಹಿರಿಯರಿಗೆ, ಸದಾ ಒಂದೇ ಸ್ಥಳದಲ್ಲಿ ಕೂತು ತಾನೇ ಚಾರ್ಜಾಗುವ ಕಾರ್ಡ್‌ಲೆಸ್ ಇಂದಿಗೂ ಹೆಚ್ಚು ಸ್ನೇಹಪರ.

ಫೋನು ತಂದ ಮೇಲೆ ಒಮ್ಮೆ ಅದನ್ನೇ ಕೈಯಲ್ಲಿ ಹಿಡಿದು ಶ್ರವಣತಜ್ಞರ ಬಳಿಗೆ ಹೋಗುವುದು ಮೇಲು. ಟೆಲಿಕಾಯಿಲ್ ಇದ್ದೂ ಅದನ್ನು ತೆರೆಯದೆ ಬಿಟ್ಟಿರುವ ಯಂತ್ರಗಳುಂಟು. ಫೋನು ಹತ್ತಿರ ಬಂದಾಗ ತಾನೇ 'ಟಿ'ಗೆ ತಿರುಗುವ ಯಂತ್ರವಾದರೆ, ಹ್ಯಾಂಡ್‌ಸೆಟ್ಟಿಗೆ ಪುಟ್ಟ ಕಾಂತವೊಂದನ್ನು ಅಂಟಿಸಬೇಕಾಗಬಹುದು. ಮುಂಬಯಿಯವರಿಗೆ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಹೈದರಾಬಾದಿನವರಿಗೆ ಸಿಕಂದರಾಬಾದಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತೋರಿಸಿಕೊಂಡು ಬರುವುದಾದರೆ, ಹೆಸರುಗಳನ್ನೂ ಸಂಖ್ಯೆಗಳನ್ನೂ ಕನ್ನಡದಲ್ಲಿಯೇ ಹೇಳಿ ಪರೀಕ್ಷಿಸುವವರು ಅಲ್ಲಿ ಸಿಗುತ್ತಾರೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ಕಾರ್ಡ್‌ಲೆಸ್ಸಿನ ಬೇಸ್ ಯೂನಿಟ್ ಮನೆಯ ವಿದ್ಯುತ್ತಿನಿಂದ ನಡೆಯುತ್ತದೆ; ವಿದ್ಯುತ್ತು ಹೋದರೆ ಫೋನೂ ಹೋಗುತ್ತದೆ. ಹಳೆಯ ತಾಮ್ರದ ತಂತಿಯ ಸಂಪರ್ಕ ಇನ್ನೂ ಉಳಿದಿರುವ ಮನೆಗಳಲ್ಲಿ, ಗುಜರಿಯವನಿಗೆ ಕೊಡಬೇಕೆಂದಿದ್ದ ಆ ಭಾರವಾದ ಹಳೆಯ ಫೋನನ್ನು ಹಿರಿಯರ ಮಂಚದ ಬಳಿ ಜೋಡಿಸಿಡಿ. ಅದಕ್ಕೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತದೆ. ಬ್ಯಾಟರಿಯ ಮಿಡಿತವಿಲ್ಲದ್ದರಿಂದ ಟೆಲಿಕಾಯಿಲಿನಲ್ಲಿ ಗುಂಯ್‌ಕಾರವೂ ಇರದು. ನವೀನ ತಂತು ಸಂಪರ್ಕದವರು ಮೋಡೆಮ್ಮಿಗೂ ಬೇಸ್ ಯೂನಿಟ್ಟಿಗೂ ಸೇರಿಸಿ ಒಂದು ಚಿಕ್ಕ ಯು.ಪಿ.ಎಸ್. ಹಚ್ಚಿಸಬೇಕು, ಮತ್ತು ಅದನ್ನು ಹಿರಿಯರು ಕುಳಿತು ಮಾತಾಡುವ ಕುರ್ಚಿಯಿಂದ ದೂರವಿಡಬೇಕು.