ನೊಂದವರೇ ಕಟ್ಟಿದ ಸಂಘ: ಮೈಸೂರಿನ ಆಶೋದಯ

‘ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲದ ಕೆಲಸವನ್ನು ಕುರಿತು ಹೇಳಿದರೋ ಏನೋ. ಆದರೆ ಒಂದು ಮಾರಕ ರೋಗದ ವಿರುದ್ಧ ನಡೆದ ಹೋರಾಟದಲ್ಲಿಯೂ ಆ ಮಾತು ನಿಜವಾಯಿತೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಮೈಸೂರಿನ ‘ಆಶೋದಯ ಸಮಿತಿ’ಯೇ ಆ ನಿದರ್ಶನ. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವರು ಮೈಸೂರಿನ ಸಂಘವೊಂದರ ಮಾತನ್ನು ಏಕೆ ಎತ್ತಬೇಕೆಂದು ವಾಚಕರು ಕೇಳಬಹುದು. ನಮ್ಮ ಊರಿಗೆ ರೋಗವೆಂಬುದು ಹೊಸದಲ್ಲ. ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್, ಅದರ ಬೆನ್ನಿಗೇ ಬರುವ ಕ್ಷಯ, ಇವೆರಡನ್ನೂ ಕಾಣದ ಗಣಿಯ ಲೈನು ಇಲ್ಲ. ಗಣಿಯ ಕೆಮ್ಮನ್ನು ಯಾರೂ ನಾಚಿಕೆಯೆಂದು ಬಚ್ಚಿಡಲಿಲ್ಲ. ಆದರೆ ನನಗೆ ಚಿಕ್ಕಮ್ಮನಾಗಬೇಕಾದ ಒಬ್ಬರು, ಗಂಡನನ್ನು ಕಳೆದುಕೊಂಡ ಮೇಲೆ ತಮಗೂ ಎಚ್.ಐ.ವಿ. ಸೋಂಕಿದೆಯೆಂದು ತಿಳಿದಾಗ, ನಮ್ಮ ಮನೆಯಲ್ಲಿಯೇ ಅವರ ಲೋಟವನ್ನು ಬೇರೆ ಇಟ್ಟೆವು. ಊರಿನವರ ಕಣ್ಣಿಗೆ ಬೀಳಬಾರದೆಂದು ಅವರು ನಸುಕಿನಲ್ಲೆದ್ದು ಮಾರಿಕುಪ್ಪಂ ರೈಲು ಹಿಡಿದು, ಬಂಗಾರಪೇಟೆಯ ಮೇಲೆ ಹಾದು, ಮಾತ್ರೆಗಾಗಿ ಬೆಂಗಳೂರಿಗೆ ಹೋಗಿ ಬರುತ್ತಿದ್ದರು. ಆ ಲೋಟದ ನೆನಪೇ ಈ ವಿಷಯವನ್ನು ಓದುವಂತೆ ನನ್ನನ್ನು ಪ್ರೇರಿಸಿತು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಎಚ್.ಐ.ವಿ. ಎಂಬುದು ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಾಣು. ಚಿಕಿತ್ಸೆಯಿಲ್ಲದೆ ಅದು ಬಲಿತು ದೇಹ ನಾನಾ ರೋಗಗಳಿಗೆ ತುತ್ತಾಗುವ ಸ್ಥಿತಿಯೇ ಏಡ್ಸ್. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ ಮತ್ತು ಸೂಜಿ, ತಾಯಿಯಿಂದ ಮಗುವಿಗೆ, ಇವೇ ಅದು ಹರಡುವ ಮಾರ್ಗಗಳು. ಲೋಟದಿಂದಾಗಲಿ, ತಟ್ಟೆಯಿಂದಾಗಲಿ, ಒಂದೇ ಚಾಪೆಯಲ್ಲಿ ಮಲಗುವುದರಿಂದಾಗಲಿ ಹರಡುವುದಿಲ್ಲ. ಪ್ರತಿದಿನವೂ ತಪ್ಪದೆ ಮಾತ್ರೆ ಸೇವಿಸುವವರು ಬಹುಕಾಲ ಆರೋಗ್ಯದಿಂದ ಬಾಳಬಲ್ಲರು. ರಕ್ತಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಅಡಗಿ, ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದೂ ಸಿದ್ಧಪಟ್ಟಿದೆ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಪರೀಕ್ಷೆಗೊಳಗಾದವರು ಲೈಂಗಿಕ ವೃತ್ತಿಯ ಮಹಿಳೆಯರು. ಅಂದಿನಿಂದ ಈ ವೃತ್ತಿಯವರೇ ರೋಗಕ್ಕೆ ಮೂಲವೆಂಬ ಭಾವನೆ ಜನರಲ್ಲಿ ಬೇರೂರಿತು. ಅವರಿಗೆ ಉಪದೇಶ ಮಾಡುವವರು, ಅವರನ್ನು ಅಟ್ಟುವವರು ಹಲವರಿದ್ದರು. ಅವರ ಅಭಿಪ್ರಾಯವನ್ನು ಕೇಳುವವರು ಮಾತ್ರ ವಿರಳ. ಈ ರೂಢಿಯನ್ನು ಮುರಿದ ಕೀರ್ತಿ ಕಲ್ಕತ್ತೆಯ ಸೋನಾಗಾಛಿಗೆ ಸಲ್ಲಬೇಕು. ಅಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರು ಆರಂಭಿಸಿದ ಕಾರ್ಯದಲ್ಲಿ ಆ ವೃತ್ತಿಯ ಮಹಿಳೆಯರೇ ಆರೋಗ್ಯ ಶಿಕ್ಷಕಿಯರಾದರು. 1995ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ಆ ದೀಪದಿಂದ ಹಚ್ಚಿಕೊಂಡ ಇನ್ನೊಂದು ದೀಪವೇ ಆಶೋದಯ. 2004ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯ ಧನಸಹಾಯದಿಂದ, ಕೆನಡಾ ದೇಶದ ಮನಿಟೋಬಾ ವಿಶ್ವವಿದ್ಯಾಲಯದ ನೆರವಿನೊಡನೆ ಮೈಸೂರಿನಲ್ಲಿ ಕೆಲಸ ಆರಂಭವಾಯಿತು. ಮರುವರ್ಷ, ಎಂದರೆ 2005ರಲ್ಲಿ, ಲೈಂಗಿಕ ವೃತ್ತಿಯ ಮಹಿಳೆಯರು, ಪುರುಷರು ಮತ್ತು ಲಿಂಗಪರಿವರ್ತಿತರು ಸೇರಿ ‘ಆಶೋದಯ ಸಮಿತಿ’ಯನ್ನು ಸ್ಥಾಪಿಸಿದರು. ಕಲ್ಕತ್ತೆಯಲ್ಲಿರುವಂತೆ ಮೈಸೂರಿನಲ್ಲಿ ಈ ವೃತ್ತಿಗೆಂದೇ ಒಂದು ಕೇರಿಯಿಲ್ಲ. ಬೀದಿಗಳಲ್ಲಿ, ಲಾಡ್ಜುಗಳಲ್ಲಿ ಚದುರಿಹೋಗಿದ್ದವರನ್ನು ಹುಡುಕಿ ಮಾತನಾಡಿಸಲು ಅವರಲ್ಲಿಯೇ ಒಬ್ಬರಾದವರಿಗೆ ಮಾತ್ರ ಸಾಧ್ಯವಿತ್ತು. ಹಗಲು ಬಂದು ಕೂತು ದಣಿವಾರಿಸಿಕೊಳ್ಳಲು ಒಂದು ಮನೆ, ಹೀಯಾಳಿಸದೆ ಔಷಧ ಕೊಡುವ ಒಂದು ಚಿಕಿತ್ಸಾಲಯ, ಇವು ಸಂಘದ ಮೊದಲ ಸೌಕರ್ಯಗಳು.

ಕೂಡಿ ಮಾತನಾಡಿದಾಗ ಅವರಿಗೆ ರೋಗಕ್ಕಿಂತಲೂ ದೊಡ್ಡದಾಗಿ ಕಂಡದ್ದು ಹೊಡೆತದ ಭಯ. ಪೊಲೀಸರ ಲಾಠಿ, ಪುಂಡರ ಕಾಟ ತಪ್ಪದಿದ್ದರೆ ಕಾಂಡೋಮಿನ ಉಪದೇಶ ಯಾರ ಕಿವಿಗೆ ಹತ್ತೀತು? ಆದ್ದರಿಂದ ಸಂಘವು ಹಲ್ಲೆಯ ಸುದ್ದಿ ಬಂದೊಡನೆ ಸದಸ್ಯರು ಧಾವಿಸುವ ವ್ಯವಸ್ಥೆಯನ್ನು ಮಾಡಿತು. ಪೊಲೀಸ್ ಅಧಿಕಾರಿಗಳೊಡನೆ ಎದುರುಬದುರು ಕುಳಿತು ಮಾತನಾಡಿತು. ಕೆಲವೇ ವರ್ಷಗಳಲ್ಲಿ ಇಂಥ ಹಿಂಸೆ ಬಹಳಮಟ್ಟಿಗೆ ಇಳಿಯಿತು.

ಫಲವೇನಾಯಿತೆಂಬುದನ್ನು ಅಂಕಿಗಳೇ ಹೇಳುತ್ತವೆ. ಮೈಸೂರಿನ ಈ ವೃತ್ತಿಯ ಮಹಿಳೆಯರಲ್ಲಿ 2004ರಲ್ಲಿಯೂ 2006ರಲ್ಲಿಯೂ ಸಮೀಕ್ಷೆ ನಡೆಯಿತು. ಈ ಅವಧಿಯಲ್ಲಿ ಅಪರೂಪದ ಗಿರಾಕಿಗಳೊಡನೆ ಕಾಂಡೋಮ್ ಬಳಕೆ ನೂರಕ್ಕೆ 65ರಿಂದ 90ಕ್ಕೆ ಏರಿತು. ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿಯಿತು. ಎಚ್.ಐ.ವಿ. ಇದ್ದವರ ಪ್ರಮಾಣ 26ರಿಂದ 24ಕ್ಕೆ ಬಂದಿತಷ್ಟೆ. ಒಮ್ಮೆ ಬಂದ ಸೋಂಕು ದೇಹವನ್ನು ಬಿಟ್ಟುಹೋಗುವುದಿಲ್ಲವಾದ್ದರಿಂದ ಈ ಅಂಕಿ ಬೇಗ ಇಳಿಯುವಂಥದಲ್ಲ. ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗಂಡ ಅಥವಾ ಖಾಯಂ ಸಂಗಾತಿಯೊಡನೆ ಕಾಂಡೋಮ್ ಬಳಕೆ 7ರಿಂದ 30ಕ್ಕೆ ಏರಿದರೂ ಅದು ಕಡಮೆಯೇ. ಬೀದಿಯಲ್ಲಿ ‘ಬೇಡ’ ಎನ್ನಲು ಕಲಿತವಳಿಗೂ ಮನೆಯಲ್ಲಿ ಅದನ್ನು ಹೇಳುವುದು ಕಷ್ಟ. ಹಾಗಿರುವಾಗ ಬೀದಿಯನ್ನೇ ಕಾಣದ ನನ್ನ ಚಿಕ್ಕಮ್ಮನಂಥವರ ಪಾಡೇನು?

ಆಶೋದಯ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ವಿಶ್ವಬ್ಯಾಂಕಿನ ಸ್ಪರ್ಧೆಯೊಂದರಲ್ಲಿ ಗೆದ್ದ ಹಣದಿಂದ ಮೈಸೂರಿನಲ್ಲಿ ‘ಹೋಟೆಲ್ ಆಶೋದಯ’ವನ್ನು ತೆರೆಯಿತು. ಯಾರ ಲೋಟವನ್ನು ಸಮಾಜ ಬೇರೆ ಇಡುತ್ತಿತ್ತೋ ಅವರ ಕೈಯಿಂದಲೇ ಊಟ ಬಡಿಸಿ, ಪೇಟೆಯ ಜನ ಉಣ್ಣುವಂತೆ ಮಾಡಿತು. ನೂರು ಭಾಷಣಗಳು ಮಾಡಲಾರದ ಕೆಲಸವಿದು. ಬೇರೆ ಕಡೆಯ ಸಂಘಗಳವರಿಗೆ ತರಬೇತಿ ಕೊಡುವ ‘ಆಶೋದಯ ಅಕಾಡೆಮಿ’ಯೂ ಹುಟ್ಟಿತು. ಮುಂದೆ ಸೋಂಕಿಲ್ಲದವರು ಸೋಂಕು ತಗುಲದಂತೆ ಮುಂಚಿತವಾಗಿ ಸೇವಿಸುವ ಮಾತ್ರೆಯ ಪ್ರಯೋಗವು ಸೋನಾಗಾಛಿಯಲ್ಲಿಯೂ ಮೈಸೂರು-ಮಂಡ್ಯ ಪ್ರದೇಶದಲ್ಲಿಯೂ ನಡೆದಾಗ, ಆಶೋದಯದ ಮೂಲಕ ಆರುನೂರಕ್ಕೂ ಹೆಚ್ಚು ಮಂದಿ ಅದರಲ್ಲಿ ಭಾಗವಹಿಸಿದರು.

ಸರ್ಕಾರವೂ ಸುಮ್ಮನಿರಲಿಲ್ಲ. 2004ರ ಏಪ್ರಿಲ್ 1ರಿಂದ ಚಿಕಿತ್ಸೆಯ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. ಆಗ ದೇಶದಲ್ಲಿ ಆರಂಭವಾದ ಎಂಟು ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಸೋಂಕಿತರನ್ನು ಉದ್ಯೋಗದಲ್ಲಾಗಲಿ ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಭೇದದಿಂದ ಕಾಣಬಾರದೆಂದು 2017ರ ಕಾಯಿದೆ ವಿಧಿಸುತ್ತದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸಲಹೆ ಬೇಕಾದವರು 1097 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು.

ಆದರೆ ಕಾಯಿದೆ ಮನೆಯ ಅಡಿಗೆಮನೆಯೊಳಗೆ ಬರಲಾರದು. ಪ್ರತಿವರ್ಷ ಡಿಸೆಂಬರ್ 1ರಂದು ಕಾಲೇಜು ವಿದ್ಯಾರ್ಥಿಗಳಾದ ನಾವು ಕೆಂಪು ರಿಬ್ಬನ್ನು ಧರಿಸಿ ಮೆರವಣಿಗೆ ಹೋಗುತ್ತೇವೆ, ಘೋಷಣೆ ಕೂಗುತ್ತೇವೆ. ಅದು ಒಳ್ಳೆಯದೇ. ಆದರೆ ಆಶೋದಯದ ಚರಿತ್ರೆ ನಮಗೆ ಕಲಿಸುವ ಪಾಠ ಬೇರೆ: ನೊಂದವರ ಪರವಾಗಿ ನಾವು ಮಾತನಾಡುವುದಕ್ಕಿಂತ, ನೊಂದವರು ನಿರ್ಭಯವಾಗಿ ಮಾತನಾಡುವಂತಾಗುವುದು ಮೇಲು. ಹೋದ ದೀಪಾವಳಿಗೆ ಚಿಕ್ಕಮ್ಮ ಬಂದಾಗ ನಮ್ಮ ತಾಯಿ ಎಲ್ಲರ ಲೋಟಗಳ ಜೊತೆಗೇ ಅವರ ಕಾಫಿಯನ್ನೂ ಒಂದೇ ತಟ್ಟೆಯಲ್ಲಿಟ್ಟು ತಂದರು. ಚಿಕ್ಕಮ್ಮ ಏನೂ ಹೇಳಲಿಲ್ಲ. ಆದರೆ ಅಂದು ಸಂಜೆಯ ರೈಲಿಗೆ ಹೊರಡದೆ ರಾತ್ರಿ ನಮ್ಮಲ್ಲಿಯೇ ಉಳಿದರು.