ಸಂಖ್ಯೆ ಒಂದೇ, ಕಾರ್ಡ್ ಬೇರೆ

ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ದೊರೆತೊಡನೆ ಪೌರತ್ವದ ಹಾದಿ ಸುಗಮವಾಯಿತೆಂದು ಭಾವಿಸುವವರುಂಟು. ಒಂಬತ್ತು ಅಂಕಿಗಳ ಈ ಸಂಖ್ಯೆ ದುಡಿಮೆಯ ಆದಾಯವನ್ನು ದಾಖಲಿಸುವ ಸಾಧನವೇ ಹೊರತು ಪೌರತ್ವದ ಪುರಾವೆಯಲ್ಲ.

ಎಚ್-1ಬಿ ವೀಸಾದಲ್ಲಿ ತೆರಳುವ ಕನ್ನಡಿಗ ತಂತ್ರಜ್ಞರಿಗೆ ಸಿಗುವ ಕಾರ್ಡಿನಲ್ಲಿ, ಸರ್ಕಾರದ ಅನುಮತಿಯಿದ್ದರೆ ಮಾತ್ರ ಉದ್ಯೋಗಕ್ಕೆ ಮಾನ್ಯ ಎಂಬ ಷರತ್ತು ಮುದ್ರಿತವಾಗಿರುತ್ತದೆ. ಗ್ರೀನ್ ಕಾರ್ಡ್ ದೊರೆತ ಬಳಿಕ ಎಸ್ಎಸ್-5 ಅರ್ಜಿ ಸಲ್ಲಿಸಿ, ಷರತ್ತಿಲ್ಲದ ಕಾರ್ಡನ್ನು ಉಚಿತವಾಗಿ ಪಡೆಯಬಹುದು. ಸಂಖ್ಯೆ ಮಾತ್ರ ಬದಲಾಗದು.

ಪೌರತ್ವ ಕೋರುವ ಎನ್-400 ಅರ್ಜಿಯಲ್ಲಿಯೇ ಹೊಸ ಕಾರ್ಡ್ ಕೋರುವ ಅವಕಾಶವನ್ನು 2024ರಲ್ಲಿ ಕಲ್ಪಿಸಲಾಯಿತು. ಅದನ್ನು ಬಳಸದವರು ಪ್ರಮಾಣವಚನದ ನಂತರ ಪೌರತ್ವ ಪ್ರಮಾಣಪತ್ರದೊಂದಿಗೆ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ದಾಖಲೆ ತಿದ್ದಿಸಿಕೊಳ್ಳುವುದು ಲೇಸು. ಇಲ್ಲವಾದಲ್ಲಿ ಪ್ರಜೆಯಾದವರೂ ಅಲ್ಲಿನ ಕಡತದಲ್ಲಿ ವಿದೇಶೀಯರಾಗಿಯೇ ಉಳಿದು, ಉದ್ಯೋಗಾರ್ಹತೆಯ ಪರಿಶೀಲನೆಯ ವೇಳೆ ತೊಡಕಿಗೆ ಸಿಲುಕಬಹುದು.