ಪುಕ್ಕಟೆ ಟಿಕೆಟ್ಟಿನ ಜಮಾ-ಖರ್ಚು: ವಿಮಾನ ಮೈಲ್ಸ್ ಬಳಕೆಯ ಬಗ್ಗೆ ವರ್ತಕರು ತಿಳಿದಿರಬೇಕಾದ ಸಂಗತಿಗಳು

ವ್ಯಾಪಾರದ ನಿಮಿತ್ತ ವರ್ಷಕ್ಕೆ ಎರಡು-ಮೂರು ಬಾರಿಯಾದರೂ ಹೊರದೇಶಗಳಿಗೆ ಹೋಗಿಬರುವ ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಸಂಖ್ಯೆ ಈಗ ಅಲ್ಪವೇನಲ್ಲ. ಪೀಣ್ಯದ ಬಿಡಿಭಾಗ ತಯಾರಕರು ಏಪ್ರಿಲ್ ತಿಂಗಳ ಹ್ಯಾನೋವರ್ ಮೇಳಕ್ಕೆ ಹೋಗುತ್ತಾರೆ. ಆಮದು ವ್ಯಾಪಾರಿಗಳು ಚೀನಾದ ಗುವಾಂಗ್‌ಝೌ ನಗರದಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಕ್ಯಾಂಟನ್ ಮೇಳಕ್ಕೆ ಹೋಗುತ್ತಾರೆ. ಇಂತಹ ಪ್ರತಿಯೊಂದು ಪ್ರಯಾಣದಿಂದಲೂ, ಸಂಸ್ಥೆಯ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಪ್ರತಿಯೊಂದು ಖರೀದಿಯಿಂದಲೂ ಯಾರದೋ ಖಾತೆಗೆ ಒಂದಿಷ್ಟು ಮೈಲ್ಸ್ ಜಮೆಯಾಗುತ್ತದೆ. ಗೋದಾಮಿನಲ್ಲಿರುವ ನಟ್ಟು-ಬೋಲ್ಟುಗಳನ್ನು ವರ್ಷಾಂತ್ಯದಲ್ಲಿ ಎಣಿಸಿ ಬರೆದಿಡುವ ಸಂಸ್ಥೆಯಲ್ಲಿಯೂ ಈ ಜಮೆ ಎಷ್ಟಿದೆ, ಯಾರ ಹೆಸರಿನಲ್ಲಿದೆ, ಎಂದು ವಾಯಿದೆ ಮುಗಿಯುತ್ತದೆ ಎಂಬುದನ್ನು ಬರೆದಿಟ್ಟಿರುವುದು ವಿರಳ. ಪುಕ್ಕಟೆ ಬಂದದ್ದಕ್ಕೆ ಲೆಕ್ಕವೇಕೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಅದು ಪುಕ್ಕಟೆಯಲ್ಲ. ಟಿಕೆಟ್ಟಿನ ದರದಲ್ಲಿ, ಕಾರ್ಡಿನ ವಾರ್ಷಿಕ ಶುಲ್ಕದಲ್ಲಿ ಸಂಸ್ಥೆಯೇ ಅದರ ಬೆಲೆ ತೆತ್ತಿರುತ್ತದೆ.

ಅಮೆರಿಕದಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ತೆಗೆದುಹಾಕುವ ಕಾನೂನು 1978ರಲ್ಲಿ ಬಂದಿತು. ಅದರ ಬೆನ್ನಿಗೇ ಹೆಚ್ಚಿದ ಪೈಪೋಟಿಯಲ್ಲಿ ಖಾಯಂ ಗಿರಾಕಿಗಳನ್ನು ಕೈಬಿಟ್ಟುಹೋಗದಂತೆ ಉಳಿಸಿಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಯೋಜನೆಯನ್ನು ಆರಂಭಿಸಿತು. ಉಳಿದ ಸಂಸ್ಥೆಗಳು ಅದನ್ನೇ ಅನುಸರಿಸಿದವು. ಆರಂಭದಲ್ಲಿ ಹಾರಿದ ದೂರಕ್ಕೆ ತಕ್ಕಂತೆ ಮೈಲ್ಸ್ ದೊರೆಯುತ್ತಿತ್ತು. ಇಂದು ಅನೇಕ ಸಂಸ್ಥೆಗಳಲ್ಲಿ ತೆತ್ತ ಹಣಕ್ಕೆ ತಕ್ಕಂತೆ ದೊರೆಯುತ್ತದೆ. ವಿಮಾನ ಸಂಸ್ಥೆಗಳು ಮೈಲ್ಸನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರುತ್ತವೆ, ಬ್ಯಾಂಕುಗಳು ಕಾರ್ಡುದಾರರಿಗೆ ಹಂಚುತ್ತವೆ. ಈ ಸಗಟು ವ್ಯಾಪಾರದ ಗಾತ್ರ ತಿಳಿಯಬೇಕಾದರೆ ಒಂದು ಸಂಗತಿ ಸಾಕು. ಕೋವಿಡ್ ಕಾಲದಲ್ಲಿ ವಿಮಾನಗಳು ನೆಲಕಚ್ಚಿದ್ದಾಗ, 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನು ಆಧಾರವಾಗಿಟ್ಟು 680 ಕೋಟಿ ಡಾಲರ್ ಸಾಲವನ್ನೆತ್ತಿತು. ಅದೇ ವರ್ಷ ಡೆಲ್ಟಾ ಸಂಸ್ಥೆಯು ತನ್ನ ಸ್ಕೈಮೈಲ್ಸ್ ಆಧಾರದ ಮೇಲೆ 900 ಕೋಟಿ ಡಾಲರ್ ಪಡೆಯಿತು.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಮಾನಕದ ಪ್ರಕಾರ, ಮೈಲ್ಸ್ ಸಹಿತವಾಗಿ ಮಾರಿದ ಟಿಕೆಟ್ಟಿನ ಹಣವೆಲ್ಲವೂ ಒಮ್ಮೆಗೇ ವರಮಾನವಾಗುವುದಿಲ್ಲ. ಅದರಲ್ಲಿ ಮೈಲ್ಸಿಗೆ ಸಲ್ಲುವ ಪಾಲನ್ನು ವಿಮಾನ ಸಂಸ್ಥೆಯು ಬಾಧ್ಯತೆಯೆಂದು ತೋರಿಸಬೇಕು. ಸದಸ್ಯನು ಬಳಸಿದಾಗ ಅಥವಾ ವಾಯಿದೆ ತೀರಿದಾಗ ಅದು ವರಮಾನವಾಗುತ್ತದೆ. ಎಷ್ಟು ಸದಸ್ಯರು ಎಂದೂ ಬಳಸದೆ ಬಿಟ್ಟುಬಿಡುತ್ತಾರೆಂಬ ಅಂದಾಜನ್ನು ಸಹ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಅಂದರೆ ಸದಸ್ಯನ ಮರೆವಿಗೂ ಅಲ್ಲಿ ಒಂದು ಬೆಲೆಯಿದೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಮೈಲ್ಸ್ ಎಂಬುದು ವಿಮಾನ ಸಂಸ್ಥೆಗೆ ಕೊಟ್ಟ ಉದ್ರಿ. ಅದಕ್ಕೆ ಪ್ರಾಮಿಸರಿ ನೋಟಿಲ್ಲ, ಬಡ್ಡಿಯಿಲ್ಲ. ತೀರಿಸುವ ದರವನ್ನು ಸಾಲಗಾರನೇ ನಿಗದಿ ಮಾಡುತ್ತಾನೆ.

ಆಸನ ದೊರೆಯುವ ಬಗೆ

ಮೈಲ್ಸ್ ತೆತ್ತು ಪಡೆಯುವ ಟಿಕೆಟ್ಟಿಗೆ ಅವಾರ್ಡ್ ಟಿಕೆಟ್ ಎಂದು ಹೆಸರು. ಇದರ ಬೆಲೆ ಕಟ್ಟುವುದರಲ್ಲಿ ಎರಡು ಕ್ರಮಗಳಿವೆ. ಹಳೆಯ ಕ್ರಮದಲ್ಲಿ ಯಾವ ವಲಯದಿಂದ ಯಾವ ವಲಯಕ್ಕೆ ಎಷ್ಟು ಮೈಲ್ಸ್ ಎಂಬ ಪ್ರಕಟಿತ ಕೋಷ್ಟಕವಿರುತ್ತದೆ. ಆದರೆ ಆ ದರಕ್ಕೆ ಪ್ರತಿ ವಿಮಾನದಲ್ಲಿ ಕೆಲವೇ ಆಸನಗಳನ್ನು ಬಿಡಲಾಗುತ್ತದೆ. ಹೊಸ ಕ್ರಮದಲ್ಲಿ ಕೋಷ್ಟಕವಿಲ್ಲ. ನಗದು ದರ ಏರಿದಂತೆ ಮೈಲ್ಸ್ ಬೇಡಿಕೆಯೂ ಏರುತ್ತದೆ. ಡೆಲ್ಟಾ 2015ರಲ್ಲಿಯೂ ಯುನೈಟೆಡ್ 2019ರಲ್ಲಿಯೂ ತಮ್ಮ ವಿಮಾನಗಳ ಕೋಷ್ಟಕವನ್ನು ತೆಗೆದುಹಾಕಿದವು. ನಗದು ದರ ವಿಪರೀತವಾಗಿರುವ ದಿನ ಹಳೆಯ ಕ್ರಮದಲ್ಲಿ ಸಿಕ್ಕ ಆಸನವು ನಿಜವಾದ ಲಾಭ. ಹೊಸ ಕ್ರಮದಲ್ಲಿ ಆ ಲಾಭಕ್ಕೆ ಆಸ್ಪದ ಕಡಿಮೆ.

ಬಹುಪಾಲು ಸಂಸ್ಥೆಗಳು ಪ್ರಯಾಣದ ದಿನಕ್ಕೆ ಸುಮಾರು 330ರಿಂದ 360 ದಿನ ಮೊದಲೇ ಆಸನಗಳನ್ನು ತೆರೆಯುತ್ತವೆ. ಮೇಳಗಳ ದಿನಾಂಕ ಮುಂಚಿತವಾಗಿಯೇ ಪ್ರಕಟವಾಗುವುದರಿಂದ ವರ್ತಕರಿಗೆ ಇದು ಅನುಕೂಲ. ಮೇಳಕ್ಕೆ ಒಂದು ತಿಂಗಳಿರುವಾಗ ಹುಡುಕಹೊರಟರೆ ಕೋಷ್ಟಕ ದರದ ಆಸನ ಸಿಕ್ಕುವುದು ದುರ್ಲಭ.

ಪಾಲುದಾರ ವಿಮಾನಗಳ ಸಂಗತಿಯನ್ನೂ ತಿಳಿದಿರಬೇಕು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಒಕ್ಕೂಟವನ್ನು ಸೇರಿತು. ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ್ ಏರ್‌ಲೈನ್ಸ್, ಏರ್ ಕೆನಡಾ ಸಹ ಅದೇ ಒಕ್ಕೂಟದಲ್ಲಿವೆ. ಒಂದರಲ್ಲಿ ಕೂಡಿಸಿದ ಮೈಲ್ಸಿನಿಂದ ಮತ್ತೊಂದರ ವಿಮಾನದಲ್ಲಿ ಆಸನ ಪಡೆಯಬಹುದು. ಬ್ಯಾಂಕ್ ಕಾರ್ಡಿನ ಅಂಕಗಳನ್ನು ವಿಮಾನ ಸಂಸ್ಥೆಗೆ ವರ್ಗಾಯಿಸುವವರು ಮಾತ್ರ ಒಂದು ಎಚ್ಚರಿಕೆ ವಹಿಸಬೇಕು. ಒಮ್ಮೆ ವರ್ಗಾಯಿಸಿದ ಅಂಕಗಳು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ, ಮತ್ತು ವರ್ಗಾವಣೆಗೆ ಕೆಲವು ವೇಳೆ ಹಲವು ದಿನಗಳೇ ಹಿಡಿಯುತ್ತವೆ. ಆದುದರಿಂದ ಮೊದಲು ಆಸನವಿದೆಯೇ ಎಂದು ನೋಡಿ, ಅನಂತರವೇ ವರ್ಗಾಯಿಸುವುದು ಕ್ರಮ. ವಸ್ತು ನೋಡದೆ ಮುಂಗಡ ಕೊಡುವ ವರ್ತಕನಾರು?

ಕೈಯಿಂದ ತೆರಬೇಕಾದ ಹಣ

ಅವಾರ್ಡ್ ಟಿಕೆಟ್ಟಿಗೂ ನಗದು ಕಟ್ಟಬೇಕಾಗುತ್ತದೆ. ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ, ಆಯಾ ದೇಶಗಳ ತೆರಿಗೆ ಇವು ಅನಿವಾರ್ಯ. ಹೊರೆಯಾಗುವುದು ವಿಮಾನ ಸಂಸ್ಥೆಯೇ ವಿಧಿಸುವ ಸರ್‌ಚಾರ್ಜ್. ಟಿಕೆಟ್ಟಿನಲ್ಲಿ ವೈಕ್ಯೂ ಅಥವಾ ವೈಆರ್ ಎಂಬ ಸಂಕೇತದಡಿ ಕಾಣಿಸುವ ಇದು ತೆರಿಗೆಯ ಸಾಲಿನಲ್ಲಿ ಕುಳಿತಿದ್ದರೂ ತೆರಿಗೆಯಲ್ಲ. ದರದ ಒಂದು ಭಾಗವನ್ನೇ ಬೇರೆ ಹೆಸರಿನಲ್ಲಿ ವಸೂಲು ಮಾಡುವುದಷ್ಟೆ. ಈ ಸರ್‌ಚಾರ್ಜ್ ಯಾವ ಯೋಜನೆಯ ಮೂಲಕ ಕಾದಿರಿಸಲಾಯಿತೆಂಬುದನ್ನು ಅವಲಂಬಿಸಿರುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವ ಲುಫ್ತಾನ್ಸಾ ವಿಮಾನದ ಆಸನವನ್ನು ಅದರದೇ ಮೈಲ್ಸ್ ಆಂಡ್ ಮೋರ್ ಯೋಜನೆಯಲ್ಲಿ ಪಡೆದರೆ ಸರ್‌ಚಾರ್ಜ್ ತೆರಬೇಕು. ಅದೇ ಆಸನವನ್ನು ಯುನೈಟೆಡ್ ಮೈಲ್ಸಿನಿಂದ ಪಡೆದರೆ ಅದನ್ನು ವಸೂಲು ಮಾಡುವುದಿಲ್ಲ. ಏರ್ ಕೆನಡಾದ ಏರೋಪ್ಲಾನ್ 2020ರ ನವೆಂಬರಿನಿಂದ ಸರ್‌ಚಾರ್ಜನ್ನು ಕೈಬಿಟ್ಟು, ಪಾಲುದಾರ ವಿಮಾನಗಳಿಗೆ 39 ಕೆನಡಾ ಡಾಲರ್ ಶುಲ್ಕವನ್ನು ಮಾತ್ರ ಇರಿಸಿಕೊಂಡಿತು. ಒಂದೇ ವಿಮಾನ, ಒಂದೇ ಸಾಲಿನ ಆಸನ. ಕಿಸೆಯಿಂದ ಹೋಗುವ ಹಣ ಮಾತ್ರ ಬೇರೆ ಬೇರೆ.

ಈ ನಗದನ್ನು ಲೆಕ್ಕಕ್ಕೆ ಹಿಡಿಯದೆ ಮೈಲ್ಸಿನ ಬೆಲೆ ತಿಳಿಯುವುದಿಲ್ಲ. ಉದಾಹರಣೆಗಾಗಿ ಕೆಲವು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳಬಹುದು. ತಯಾರಕರೊಬ್ಬರು ಜರ್ಮನಿಗೆ ಹೋಗಿಬರುವ ಇಕಾನಮಿ ಟಿಕೆಟ್ಟಿನ ದರ ರೂ. 60,000 ಎಂದಿರಲಿ. ಇದೇ ಪ್ರಯಾಣಕ್ಕೆ 50,000 ಮೈಲ್ಸ್ ಮತ್ತು ರೂ. 24,000 ನಗದು ಕೇಳಲಾಗುತ್ತಿದೆ. ಉಳಿತಾಯ ರೂ. 36,000 ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ನಗದು ಟಿಕೆಟ್ಟನ್ನು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ ಕೊಂಡಿದ್ದರೆ ರೂ. 2,500 ಹೂಡುವಳಿ ತೆರಿಗೆ ಜಮೆ ದೊರೆಯುತ್ತಿತ್ತು. ಅವಾರ್ಡ್ ಟಿಕೆಟ್ಟಿನ ಮೇಲೆ ದೊರೆಯುವುದು ರೂ. 900 ಮಾತ್ರ. ಆದುದರಿಂದ ನಿಜವಾದ ಉಳಿತಾಯ ರೂ. 34,400. ನಗದು ಟಿಕೆಟ್ಟಿನಿಂದ ಹೊಸದಾಗಿ 4,000 ಮೈಲ್ಸ್ ಬರುತ್ತಿದ್ದವು, ಅವೂ ಹೋದವು. ಒಟ್ಟು 54,000 ಮೈಲ್ಸ್ ತೆತ್ತು ರೂ. 34,400 ಉಳಿಸಿದಂತಾಯಿತು. ಮೈಲಿಗೆ ಸುಮಾರು 64 ಪೈಸೆ ಬಿದ್ದಿತು.

ಇನ್ನು ಬಿಸಿನೆಸ್ ದರ್ಜೆ. ಅದೇ ಪ್ರಯಾಣಕ್ಕೆ ಈ ದರ್ಜೆಯ ದರ ರೂ. 2,40,000, ಅವಾರ್ಡಿಗೆ 1,40,000 ಮೈಲ್ಸ್ ಮತ್ತು ರೂ. 42,000 ನಗದು ಎಂದಿರಲಿ. ಭಾಗಿಸಿದರೆ ಮೈಲಿಗೆ 1 ರೂಪಾಯಿ 41 ಪೈಸೆ ಬರುತ್ತದೆ. ಮೈಲ್ಸ್ ಯೋಜನೆಗಳ ಪ್ರಚಾರವೆಲ್ಲವೂ ಈ ಭಾಗಾಕಾರದ ಮೇಲೆಯೇ ನಿಂತಿದೆ. ಆದರೆ ಆ ತಯಾರಕರು ಮೈಲ್ಸ್ ಇಲ್ಲದಿದ್ದರೆ ರೂ. 2,40,000 ಕೊಟ್ಟು ಹೋಗುತ್ತಿದ್ದರೇ? ಇಲ್ಲ, ರೂ. 60,000ದ ಟಿಕೆಟ್ಟಿನಲ್ಲಿಯೇ ಹೋಗುತ್ತಿದ್ದರು. ಹಾಗಿರುವಾಗ 1,40,000 ಮೈಲ್ಸಿನಿಂದ ಉಳಿದ ನಗದು ರೂ. 18,000 ಮಾತ್ರ, ಅಂದರೆ ಮೈಲಿಗೆ 13 ಪೈಸೆ. ಉಳಿದದ್ದೆಲ್ಲ ಸುಖಾಸನದ ಬೆಲೆ. ರಾತ್ರಿಯಿಡೀ ಮಲಗಿ ಹೋಗಿ ಬೆಳಿಗ್ಗೆಯೇ ಗಿರಾಕಿಯೊಂದಿಗೆ ಮಾತುಕತೆಗೆ ಕೂರಬೇಕಾದವರಿಗೆ ಆ ಸುಖಕ್ಕೂ ಬೆಲೆಯಿದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನು ಉಳಿತಾಯವೆಂದು ಕರೆಯಲಾಗದು.

ಕೂಡಿಡುವುದರ ಅಪಾಯ

ಹಣವನ್ನು ಕೂಡಿಟ್ಟರೆ ಬಡ್ಡಿಯಾದರೂ ಬರುತ್ತದೆ. ಮೈಲ್ಸನ್ನು ಕೂಡಿಟ್ಟರೆ ಸವೆಯುತ್ತದೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸಿಗೆ 36 ತಿಂಗಳ ವಾಯಿದೆ. ವಾಯಿದೆಯಿಲ್ಲದ ಯೋಜನೆಗಳಲ್ಲಿ ಕೋಷ್ಟಕದ ದರ ಏರುತ್ತದೆ. ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರೂ ಉಂಟು. ಅಡ್ವಾಂಟೇಜ್ ನಿಯಮಗಳನ್ನು ಹಿಂದಿನ ಮೈಲ್ಸಿಗೂ ಅನ್ವಯವಾಗುವಂತೆ ಬದಲಿಸಿದ್ದರ ವಿರುದ್ಧದ ವೋಲೆನ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1995ರಲ್ಲಿ, ಕರಾರು ಉಲ್ಲಂಘನೆಯ ದಾವೆ ಹೂಡಬಹುದು, ರಾಜ್ಯದ ಗ್ರಾಹಕ ಕಾನೂನಿನಡಿ ಹೂಡಲಾಗದು ಎಂದು ತೀರ್ಪಿತ್ತಿತು. ಆದರೆ ನಿಯಮಗಳನ್ನು ಬದಲಿಸುವ ಹಕ್ಕನ್ನು ಸಂಸ್ಥೆಗೇ ಕೊಡುವ ಕಲಮು ಇಂತಹ ಕರಾರುಗಳಲ್ಲಿ ಸರ್ವೇಸಾಮಾನ್ಯವಾಗಿದೆ. ಮೈಲ್ಸ್ ಸದಸ್ಯನ ಸ್ವತ್ತಲ್ಲವೆಂದು ಸ್ಪಷ್ಟವಾಗಿ ಬರೆದಿರುವ ಯೋಜನೆಗಳೂ ಅನೇಕ.

ವಿಮಾನ ಸಂಸ್ಥೆಯೇ ಮುಳುಗಿದರೆ ಗತಿಯೇನೆಂಬುದಕ್ಕೆ ಬೆಂಗಳೂರಿನವರಿಗೆ ದೂರದ ದೃಷ್ಟಾಂತ ಬೇಕಿಲ್ಲ. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಅದರ ಕಿಂಗ್ ಕ್ಲಬ್ ಮೈಲ್ಸ್ ತೆತ್ತು ಏರಲು ವಿಮಾನವೇ ಇಲ್ಲದಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದರ ಜೆಟ್‌ಪ್ರಿವಿಲೇಜ್ ಯೋಜನೆಯು ಪ್ರತ್ಯೇಕ ಕಂಪನಿಯಾಗಿದ್ದು ಎತಿಹಾದ್ ಸಂಸ್ಥೆಯ ಬಹುಪಾಲು ಬಂಡವಾಳ ಅದರಲ್ಲಿದ್ದುದರಿಂದ ಮೈಲ್ಸ್ ನಾಶವಾಗಲಿಲ್ಲ. ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಪಡೆಯಿತು. ಆದರೂ ಜೆಟ್ ವಿಮಾನದ ಆಸನಕ್ಕಾಗಿ ವರ್ಷಗಟ್ಟಲೆ ಕೂಡಿಟ್ಟವರಿಗೆ ಆ ಆಸನ ದೊರೆಯಲಿಲ್ಲ. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಮಾತ್ರ ಸದಸ್ಯರ ಅಂಕಗಳು ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ವರ್ಗವಾದವು. ಮೇಲ್ಕಂಡ ಮೂರರಲ್ಲಿಯೂ ಸದಸ್ಯನ ಕೈಯಲ್ಲಿ ಯಾವ ಭದ್ರತೆಯೂ ಇರಲಿಲ್ಲ. ಉಳಿದದ್ದು, ಹೋದದ್ದು ಎರಡೂ ಬೇರೆಯವರ ತೀರ್ಮಾನದಿಂದಲೇ. ಮುಂದಿನ ಒಂದೆರಡು ವರ್ಷಗಳ ಪ್ರಯಾಣಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ಮೈಲ್ಸನ್ನು ಒಂದೇ ಯೋಜನೆಯಲ್ಲಿ ಇರಿಸಿಕೊಳ್ಳುವುದು ಉಚಿತವಲ್ಲ.

ಮೈಲ್ಸ್ ಯಾರದು?

ಪಾಲುದಾರಿಕೆ ಸಂಸ್ಥೆಗಳಲ್ಲಿ ಮನಸ್ತಾಪಕ್ಕೆ ಕಾರಣವಾಗಬಲ್ಲ ಪ್ರಶ್ನೆಯಿದು. ಟಿಕೆಟ್ಟಿನ ಹಣ ಸಂಸ್ಥೆಯದು; ಮೈಲ್ಸ್ ಮಾತ್ರ ಪ್ರಯಾಣ ಮಾಡಿದವನ ಹೆಸರಿಗೆ. ಮಾರಾಟದ ಹೊಣೆ ಹೊತ್ತು ಊರೂರು ತಿರುಗುವ ಪಾಲುದಾರ ಲಕ್ಷಗಟ್ಟಲೆ ಮೈಲ್ಸ್ ಕೂಡಿಸುತ್ತಾನೆ. ಕಾರ್ಖಾನೆಯನ್ನು ನೋಡಿಕೊಳ್ಳುವ ಪಾಲುದಾರನಿಗೆ ಏನೂ ಇಲ್ಲ. ಮೊದಲನೆಯವನು ಆ ಮೈಲ್ಸಿನಿಂದ ಸಂಸಾರ ಸಮೇತ ಸಿಂಗಪುರಕ್ಕೆ ಹೋಗಿಬಂದಾಗ ಎರಡನೆಯವನಿಗೆ ಕಸಿವಿಸಿಯಾಗುವುದು ಸಹಜ. ಜರ್ಮನಿಯ ಉಚ್ಚ ಕಾರ್ಮಿಕ ನ್ಯಾಯಾಲಯದ ಮುಂದೆ ಇಂತಹುದೇ ವಿವಾದ ಬಂದಾಗ, ಮಾಲೀಕನ ಖರ್ಚಿನ ಪ್ರಯಾಣದಿಂದ ಬಂದ ಮೈಲ್ಸನ್ನು ಮಾಲೀಕನ ಕೆಲಸಕ್ಕೇ ಬಳಸುವಂತೆ ನೌಕರನನ್ನು ಒತ್ತಾಯಿಸಬಹುದೆಂದು 2006ರ ಏಪ್ರಿಲಿನಲ್ಲಿ ತೀರ್ಪಾಯಿತು. ತೆರಿಗೆಯ ವಿಷಯದಲ್ಲಿ ದೇಶಕ್ಕೊಂದು ರೀತಿ. ವ್ಯವಹಾರದ ಪ್ರಯಾಣದಿಂದ ಬಂದ ಮೈಲ್ಸನ್ನು ಸ್ವಂತಕ್ಕೆ ಬಳಸಿದವರ ಮೇಲೆ ಕ್ರಮ ಜರುಗಿಸುವುದಿಲ್ಲವೆಂದು ಅಮೆರಿಕದ ತೆರಿಗೆ ಇಲಾಖೆ 2002ರಲ್ಲಿ ಪ್ರಕಟಿಸಿತು. ಜರ್ಮನಿಯಲ್ಲಿ ಯೋಜನೆ ನಡೆಸುವ ಸಂಸ್ಥೆಯೇ ಸದಸ್ಯರ ಪರವಾಗಿ ಶೇ. 2.25ರ ದರದಲ್ಲಿ ತೆರಿಗೆ ಕಟ್ಟಲು ಅವಕಾಶವಿದೆ. ಭಾರತದಲ್ಲಿ ವ್ಯವಹಾರದಿಂದ ಬರುವ ಸವಲತ್ತಿನ ಮೌಲ್ಯವೂ ಆದಾಯವೇ ಎಂಬ ತತ್ತ್ವ ಆದಾಯ ತೆರಿಗೆ ಕಾನೂನಿನಲ್ಲಿ ಬಹುಕಾಲದಿಂದ ಇದೆ. ಆದಕಾರಣ ಯಾವ ಮೈಲ್ಸನ್ನು ಯಾವ ಪ್ರಯಾಣಕ್ಕೆ ಬಳಸಲಾಯಿತೆಂಬ ದಾಖಲೆ ಇರುವುದು ಕ್ಷೇಮ.

ಇದಕ್ಕೆ ದೊಡ್ಡ ವ್ಯವಸ್ಥೆಯೇನೂ ಬೇಕಿಲ್ಲ. ಪಾಲುದಾರಿಕೆ ಪತ್ರದಲ್ಲಿ ಒಂದು ಕಲಮು, ನೌಕರರ ನೇಮಕಾತಿ ಪತ್ರದಲ್ಲಿ ಒಂದು ಸಾಲು, ಲೆಕ್ಕದ ಕೋಣೆಯಲ್ಲಿ ಒಂದು ರಿಜಿಸ್ಟರ್ ಸಾಕು. ಯೋಜನೆಯ ಹೆಸರು, ಸದಸ್ಯನ ಹೆಸರು, ಜಮೆ, ಬಳಕೆ, ವಾಯಿದೆಯ ದಿನಾಂಕ, ಟಿಕೆಟ್ಟಿಗೆ ತೆತ್ತ ನಗದು ಇವು ಅದರ ಕಲಂಗಳು. ಮೈಲ್ಸನ್ನು ಆಸ್ತಿಯೆಂದು ಜಮಾಖರ್ಚು ಪಟ್ಟಿಯಲ್ಲಿ ತೋರಿಸುವ ಗೋಜಿಗೆ ಹೋಗುವುದು ಬೇಡ. ತೆತ್ತ ನಗದನ್ನಷ್ಟೆ ಪ್ರಯಾಣ ವೆಚ್ಚವಾಗಿ ಬರೆದರಾಯಿತು. ಒಬ್ಬರ ಮೈಲ್ಸಿನಿಂದ ಮತ್ತೊಬ್ಬರಿಗೆ ಟಿಕೆಟ್ ಪಡೆಯುವಾಗ ಯೋಜನೆಯ ಮಿತಿಯನ್ನು ನೋಡಿಕೊಳ್ಳಬೇಕು: ಕ್ರಿಸ್‌ಫ್ಲೈಯರಿನಲ್ಲಿ ಮುಂಚಿತವಾಗಿ ಹೆಸರಿಸಿದ ಐವರಿಗೆ ಮಾತ್ರ ಇದು ಸಾಧ್ಯ. ಸಣ್ಣ ಸಂಸ್ಥೆಗಳಿಗಾಗಿಯೇ ಇರುವ ಎಮಿರೇಟ್ಸ್‌ನ ಬಿಸಿನೆಸ್ ರಿವಾರ್ಡ್ಸ್, ಸಿಂಗಪುರ್ ಏರ್‌ಲೈನ್ಸ್‌ನ ಹೈಫ್ಲೈಯರ್‌ನಂತಹ ಯೋಜನೆಗಳಲ್ಲಿ ನೋಂದಾಯಿಸಿಕೊಂಡರೆ ಪ್ರಯಾಣಿಕನ ಮೈಲ್ಸ್ ಅವನಿಗೇ ಉಳಿದು, ಸಂಸ್ಥೆಯ ಖಾತೆಗೂ ಪ್ರತ್ಯೇಕವಾಗಿ ಅಂಕಗಳು ಬರುತ್ತವೆ. ಮೇಲೆ ಹೇಳಿದ ಮನಸ್ತಾಪದ ಅರ್ಧ ಭಾಗ ಅಲ್ಲಿಗೇ ತೀರುತ್ತದೆ.

ಗಿರಾಕಿಯು ಕೊನೆಯ ಗಳಿಗೆಯಲ್ಲಿ ದಿನಾಂಕ ಬದಲಿಸಿ ಪ್ರಯಾಣವೇ ರದ್ದಾಯಿತೆಂದರೆ, ಅನೇಕ ಯೋಜನೆಗಳಲ್ಲಿ ನಿಗದಿತ ಶುಲ್ಕ ಕಟ್ಟಿ ಮೈಲ್ಸನ್ನು ಖಾತೆಗೆ ಮರಳಿ ಪಡೆಯಬಹುದು. ವಾಯಿದೆ ತೀರಿದ ಮೈಲ್ಸ್ ಮಾತ್ರ ಮರಳುವುದು ಸಂದೇಹ. ಬಳಸದ ಟಿಕೆಟ್ಟಿನ ಶಾಸನಬದ್ಧ ತೆರಿಗೆ ಮತ್ತು ನಿಲ್ದಾಣ ಶುಲ್ಕಗಳನ್ನು ಹಿಂದಿರುಗಿಸಬೇಕೆಂಬುದು ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ರದ್ದುಪಡಿಸಿದ ದಿನ, ಮರಳಿದ ಮೈಲ್ಸ್, ಬರಬೇಕಾದ ನಗದು ಇವನ್ನೂ ಅದೇ ರಿಜಿಸ್ಟರಿನಲ್ಲಿ ಬರೆದು, ಹಣವು ಸಂಸ್ಥೆಯ ಕಾರ್ಡಿಗೆ ಜಮೆಯಾಗುವವರೆಗೆ ಆ ಸಾಲನ್ನು ತೆರೆದಿಟ್ಟಿರಬೇಕು.